ನಾಲ್ಕನೇ ಕೋಣೆಯ ಪೆಟ್ಟಿಗೆ

ಚೀಟಿ ಎದ್ದದ್ದು ನನ್ನ ಹೆಸರಿಗೆ.
ವಾಷಿಂಗ್ ಮೆಷಿನ್ ತಾನೆ, ಅಂದರು ಎಲ್ಲರೂ,
ಕೇಳಿದ್ದಲ್ಲ, ಹೇಳಿದ್ದು.
ಜೀಪಿನ ಸ್ಪೇರ್ ಟೈರು ಬೋಳಾಗಿತ್ತು.
ಇವರು ಬಾಯಿಬಿಟ್ಟು ಏನೂ ಅನ್ನಲಿಲ್ಲ,
ಅದರ ಮೇಲೇ ಕೂತು ಬೀಡಿ ಹಚ್ಚಿದರು.
ನಾನು ಮಡಿಕೇರಿಗೆ ಹೋಗಿ ಬೆರಳು ತೋರಿಸಿದೆ:
ಅದು. ಬಿಳಿಯದಲ್ಲ, ಕಪ್ಪು.

ಮಗನಿಗಾ ಅಕ್ಕಾ, ಅಂದ ಅಂಗಡಿ ಹುಡುಗ.
ಹ್ಞೂಂ ಅಂದೆ.
ನನಗಿರುವುದು ಮಗಳು.
ಅವಳಿಗೂ ಅಲ್ಲ.

ಹೋಂಸ್ಟೇಯ ನಾಲ್ಕನೇ ಕೋಣೆಯಲ್ಲಿ ಮೂರು ವರ್ಷ
ಇಂಥದ್ದೇ ಒಂದನ್ನು ಒರೆಸಿದ್ದೇನೆ.
ಹಿಂದೆ ಎಷ್ಟು ತೂತು, ಧೂಳು ಎಲ್ಲಿ ಕೂರುತ್ತದೆ,
ಯಾವ ಅಂಚಿಗೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ,
ಕಣ್ಣು ಮುಚ್ಚಿ ಹೇಳಬಲ್ಲೆ.
ಚಿಪ್ಸಿನ ಎಣ್ಣೆ ಮೆತ್ತಿದ ಹೆಬ್ಬೆಟ್ಟುಗಳು.
ಒಮ್ಮೆ ಗುಂಡಿಯ ಸಂದಿಯಲ್ಲಿ ಒಣಗಿದ ಹಂದಿಕರಿಯ ಮಸಾಲೆ,
ಪೊರಕೆಕಡ್ಡಿಯಿಂದ ಕೆರೆದು ತೆಗೆದದ್ದು.
ಅದು ಬೆಳಗಿದ್ದು ಮಾತ್ರ ನೋಡಿರಲಿಲ್ಲ.
ಅವರು ಹೊರಟ ಮೇಲೆ ನಾನು ಒಳಗೆ,
ನಾನು ಹೊರಟ ಮೇಲೆ ಇನ್ಯಾರೋ.

ಮಕ್ಕಂದೂರಿನ ಬಸ್ಸಿನಲ್ಲಿ ಮಡಿಲಿಗಿಟ್ಟು ತಂದೆ.
ರಟ್ಟು ಬಿಚ್ಚಿದರೆ ಹೊಸ ಚಪ್ಪಲಿಯ ವಾಸನೆಯೂ ಅಲ್ಲ,
ಹೊಸ ಪುಸ್ತಕದ್ದೂ ಅಲ್ಲ,
ಈಗಷ್ಟೇ ತೆರೆದ ಆಸ್ಪತ್ರೆಯದಕ್ಕೆ ಹತ್ತಿರ.
ತೂಕ, ಹುಟ್ಟಿ ತಿಂಗಳಾದ ಕೂಸಿನದು.
ಎತ್ತುವಾಗ ನನ್ನ ಕೈ ತಾನಾಗಿ
ಇಲ್ಲದ ಕತ್ತಿನ ಕೆಳಗೆ ಹೋಯಿತು.

ಧೃತಿ ಇಂಗ್ಲಿಷ್ ಓದಿದಳು.
ಒಪ್ಪಿಗೆ ಕೇಳ್ತಿದೆ ಅಮ್ಮ. ಕೊಡು.
ಇನ್ನೊಂದಕ್ಕೂ ಕೇಳ್ತಿದೆ. ಕೊಡು.
ನನ್ನ ಮದುವೆಗೂ ಯಾರೂ
ಇಷ್ಟು ಸಲ ಒಪ್ಪಿಗೆ ಕೇಳಿರಲಿಲ್ಲ.
ಆಮೇಲೆ ಶೇಕಡ ನಾಲ್ಕು. ನಾಲ್ಕರಲ್ಲೇ ನಿಂತಿತು.
ಮೊಬೈಲನ್ನು ಬಕೆಟ್ಟಿಗೆ ಹಾಕಿ
ಕಿಟಕಿಯಾಚೆಯ ಪೇರಳೆ ಕೊಂಬೆಗೆ ತೂಗುಬಿಟ್ಟೆವು.
ಹನ್ನೊಂದು. ಅನ್ನ ಬೆಂದಿತು.
ಮೂವತ್ತು. ಕರೆಂಟು ಹೋಯಿತು.
ಬಂತು. ಕೋಳಿಗೂಡಿಗೆ ಅಗುಳಿ ಹಾಕಿ ಬಂದೆ.
ಅರವತ್ತೆಂಟರಲ್ಲಿ ಇವರು, ಮೇಲುಹತ್ತಿನಲ್ಲಿ
ಫಸ್ಟ್ ಗೇರಿಗೆ ಇಳಿಸಿದ ಹಾಗಿದೆ, ಅಂದರು.

ಕೊನೆಗೆ ಎದ್ದಾಗ ಮೊದಲು ಬಂದದ್ದು ಸದ್ದು,
ಗುಡ್ಡದಾಚೆ ಯಾರದೋ ತೋಟದಲ್ಲಿ
ರಾತ್ರಿ ಪಲ್ಪರ್ ಓಡುವಷ್ಟು ಸಣ್ಣಗೆ.
ಅದರ ಹಿಂದೆಯೇ ಬೆಳಕು.

ಕಾರಿನ ಆಟ ಇವರಿಗೆ.
ಎಡಗಾಲು ಚಾಪೆಯ ಮೇಲೆ ಕ್ಲಚ್ಚು ಒತ್ತಿತು,
ಬಲಗಾಲು ಬ್ರೇಕು.
ಚಾಪೆ ಮುದುರಿತು, ಕಾರು ನಿಲ್ಲಲಿಲ್ಲ.
ಇಪ್ಪತ್ತೆರಡು ವರ್ಷ ಮಾಂದಲ್‌ಪಟ್ಟಿಯ ಕೊರಕಲಿನಲ್ಲಿ
ಒಂದು ಗೀರೂ ಬೀಳಿಸದ ಮನುಷ್ಯ
ಮೂರನೇ ತಿರುವಿಗೆ ಸಮುದ್ರಕ್ಕೆ ಬಿದ್ದರು.
ಹಾರ್ನ್ ಎಲ್ಲಿದೆ ಇದರಲ್ಲಿ?
ತಿರುವಿಗೆ ಹಾರ್ನ್ ಹಾಕದೆ ಹೋಗೋದು ಹೇಗೆ?
ಧೃತಿ ನಕ್ಕು ನಕ್ಕು ಬಿಕ್ಕಳಿಸಿದಳು.
ದಾರಿ ತಪ್ಪಿದಾಗ ಅಂಗೈಯೊಳಗೆ ನಡುಗುತ್ತದಂತೆ:
ಇದೊಂದು ಸರಿ ಮಾಡಿದ್ದಾರೆ ನೋಡು,
ಜಲ್ಲಿ ಅಂದರೆ ಹೀಗೇ.

ನನ್ನ ಕೈಗೆ ಬಂದಾಗ ಹತ್ತೂವರೆ.
ಬೇರೆ ಆಟ. ಗುಡ್ಡದ ತುದಿಯಲ್ಲಿ ಒಬ್ಬಳು,
ಬೆನ್ನಿಗೊಂದು ಗಂಟು.
ಎಡದ್ದು ನೂಕಿದರೆ ನಡೆಯುತ್ತಾಳೆ,
ಬಲದ್ದು ನೂಕಿದರೆ ನೋಡುತ್ತಾಳೆ.
ನಾನು ಬಲದ್ದನ್ನೇ ನೂಕಿದೆ.
ಹುಲ್ಲು. ಹುಲ್ಲಿನ ಮೇಲೆ ಸರಿಯುವ ಮೋಡದ ನೆರಳು.
ಬೆಟ್ಟದ ಹಿಂದೆ ಬೆಟ್ಟ, ಹಿಂದಿನದು ಇನ್ನೂ ತೆಳು ನೀಲಿ.
ಹೋಗಮ್ಮ, ಕೆಳಗೆ ಶತ್ರುಗಳಿದ್ದಾರೆ!
ಇರಲಿ.
ಸುಮ್ನೆ ನಿಂತ್ರೆ ಪಾಯಿಂಟ್ ಬರಲ್ಲ.
ಬೇಡ.

ಮೇಲೆ ಹೀಗೇ ಕಾಣೋದು, ಅಂದರು ಇವರು
ಮುದುರಿದ ಚಾಪೆ ಸರಿಮಾಡುತ್ತ.
ಬೆಳಿಗ್ಗೆ ಆರೂವರೆಗೆ. ಮಂಜು ಇಲ್ಲದಿದ್ದರೆ.
ಟ್ರಿಪ್ಪಿಗೆ ಏಳು ಸೀಟು, ಇಪ್ಪತ್ತೆರಡು ವರ್ಷ.
ನಾನು ಕೇಳಿರಲಿಲ್ಲ.
ಅವರಿಗೆ ಹೊಳೆದಿರಲಿಲ್ಲ.
ಯಾರೂ ಏನೂ ಅನ್ನಲಿಲ್ಲ ಸ್ವಲ್ಪ ಹೊತ್ತು.
ಪರದೆಯ ಮೇಲಿನವಳು ಬೇಸರವಾಗಿ
ತಾನೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು.

ಬೆಳಿಗ್ಗೆ ಕಪ್ಪು ಮೈಮೇಲೆ ಬಿಸಿಲು ಬಿದ್ದಾಗ ಕಂಡಿತು:
ಮೂವರ ಬೆರಳುಗಳು, ಒಂದರಲ್ಲಿ ಗ್ರೀಸು.
ಬಟ್ಟೆ ನನ್ನ ಹೆಗಲ ಮೇಲೇ ಇತ್ತು.
ನಾಲ್ಕನೇ ಕೋಣೆ ಹನ್ನೊಂದಕ್ಕೆ ಖಾಲಿಯಾಗುತ್ತದೆ,
ಹೊರಟೆ.