ಎರಡು ಗೀರು

ಗದಗ ರೋಡಿನ ಹಜರೇಸಾಬ ಹೇಳಿಕೊಟ್ಟದ್ದು ಇಷ್ಟ:
ಗಾಡಿ ಮ್ಯಾಲ ಕುಂದರು. ಕಣ್ಣ ಮುಚ್ಚು.
ಕೈ ಮುಂದ ಚಾಚು. ತಾವಾಗೇ ಎಲ್ಲೆ ನಿಲ್ಲತಾವೋ
ಅಲ್ಲೆ ಇರಬೇಕು ಹ್ಯಾಂಡಲ್.
ಕೈ ಅದನ್ನ ಹುಡುಕಿಕೊಂಡ ಹೋಗಬಾರದು.

ನಾ ಮುಚ್ಚಿದೆ. ಕೈ ಒಂದ ಕಡೆ ನಿಂತವು.
ದಾಕ್ಷಾಯಣಿ ಮುಚ್ಚಿದಳು. ಅಕಿ ಕೈ
ನಾಕ ಬೆರಳ ಈಚೆ, ಎರಡ ಬೆರಳ ಮ್ಯಾಲ.
ಗಾಡಿ ಒಂದ.

"ನಡುವೊಂದ ಜಾಗಾ ಹುಡುಕೂಣು" ಅಂದ.
ಹುಡುಕಿದ್ವಿ. ಒಂದ ವಾರ
ನನಗ ಸೊಂಟ, ಅಕಿಗೆ ಹೆಗಲು.
ಮಾತಿಗೂ ಕೀಲ ಹಿಡದಂಗಿತ್ತು ಆ ವಾರ.

ಆಮ್ಯಾಲ ಅಂವಾ ಒಂದ ಮೊಳಿ ತಗೊಂಡು
ಪೈಪಿನ ಮ್ಯಾಲ ಎರಡ ಗೀರ ಎಳದ.
ಕೆಳಗಿಂದು ನಂದು, ಮ್ಯಾಲಿಂದು ಅಕಿದು.
ಹತ್ತ ನಂಬರ ಪಾನಾ ಕೈಯಾಗಿಟ್ಟ.
ರೊಕ್ಕ ಬ್ಯಾಡ, ಚಾ ಕುಡಸು ಅಂದ.

ಅವತ್ತಿಂದ ಹಿಂಗ:
ರೈಲ್ವೆ ವರ್ಕ್‌ಶಾಪಿನ ರಾತ್ರಿ ಪಾಳಿ ಮುಗಿಸಿ ಬರತೇನಿ,
ಬೋಲ್ಟ ಸಡಲ ಮಾಡಿ ಅಕಿ ಗೀರಿಗೆ ತರತೇನಿ,
ಈಚೆಗೊಂದ ಸುತ್ತು, ಆಚೆಗೊಂದ ಸುತ್ತು ಬಿಗೀತೇನಿ
(ಒಂದ ಬದಿ ಪೂರಾ ಬಿಗದ್ರ ಇನ್ನೊಂದು ಬಿರಕ ಬಿಡತೈತಿ),
ಎಡಕ್ಕ ಬಲಕ್ಕ ಪೂರಾ ಹೊಳ್ಳಿಸಿ
ಕ್ಲಚ್ ವಾಯರ್ ಜಗ್ಗತೈತೇನು ನೋಡತೇನಿ.
ಅಷ್ಟರಾಗ ಅಕಿ ರಕ್ತದ ಶೀಸೆದ ಡಬ್ಬಿ ಹಿಡಕೊಂಡು
ವಾಚ್ ನೋಡಕೋತ ಬಂದಿರತಾಳ.
ಉಣಕಲ್ಲಿನ್ಯಾಗ, ನವನಗರದಾಗ
ಹಸದ ಹೊಟ್ಟೀಲೆ ಕುಂತವರು ಹಾದಿ ಕಾಯತಿರತಾರ,
ಅಕಿ ಸೂಜಿ ಚುಚ್ಚಿ ಹ್ವಾದ ಮ್ಯಾಲನ ಅವರ ಚಾ.
ಸಂಜೀಕ ನನ್ನ ಗೀರಿಗೆ ತಂದಿಟ್ಟಿರತಾಳ.

ಮೊನ್ನೆ ಮಂಗಳವಾರ ತಂದಿರಲಿಲ್ಲ.
ನಾನೂ ನೋಡಲಿಲ್ಲ.
ಕೇಶ್ವಾಪುರ ಸರ್ಕಲ್ ದಾಟಿದ ಮ್ಯಾಲ ತಿಳೀತು,
ಮೊಳಕೈ ಮಡಚಿ, ಬೆನ್ನ ನೆಟ್ಟಗ ಮಾಡಿ
ಮಾಸ್ತರ ಬೈದ ಹುಡುಗನಂಗ ಕುಂತೇನಿ.
ಪಾನಾ ಸೈಡ್ ಬಾಕ್ಸಿನ್ಯಾಗಿತ್ತು.
ನಿಲ್ಲಸಲಿಲ್ಲ.

ಲಾರಿಯವನ ಮೋತಿ ಕಂಡಿತು ಕನ್ನಡ್ಯಾಗ,
ನನ್ನ ಗೀರಿನ್ಯಾಗ ಅವನ ಟಾಯರ್ ಅಷ್ಟ ಕಾಣತಿತ್ತು.
ಆಮ್ಯಾಲ ಒಂದ ತಗ್ಗ.
ದಿನಾ ರಟ್ಟಿಗೆ ಬರೂ ಏಟು
ಇವತ್ತ ನೆಟ್ಟಗ ಬೆನ್ನಿನ ಬುಡಕ್ಕ ಇಳೀತು.
ಅದ ಜಾಗಾ.
ಸಂಜೀಕ ಒಲಿ ಮುಂದ ಅಕಿ ಕೈ ಒತ್ತಿ ನಿಲ್ಲೂ ಜಾಗಾ,
"ಏನಾತು?" ಅಂದ್ರ
"ಏನಿಲ್ಲ" ಅನ್ನೂ ಜಾಗಾ.

ಮುಂಜಾನೆ ಅರ್ಧಾ ಶಟರ್ ಎತ್ತಿದ್ದ ಹಜರೇಸಾಬ.
ಹಿಂದಿನ ಶಾಕ್ ಎರಡ ಮೆಟ್ಟಲ ಇಳಸು ಅಂದೆ.
"ಯಾಕ, ಬೆನ್ನ ಹಿಡದೈತೇನು?"
ಹೂಂ ಅಂದೆ. ಲಗೂನ ಮಾಡು,
ಏಳಕ್ಕ ಅಕಿ ಹೊಂಡಬೇಕು.