ನವಸಾಗರ

ಹಾಸನದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಗುಜರಿ ಅಂಗಡಿಯಲ್ಲಿ
ಸತ್ತ ಬ್ಯಾಟರಿಗಳ ಹೊಟ್ಟೆ ಬಗೆದು ಸೀಸ ಕಾಯಿಸುತ್ತಿದ್ದರು.
ಆ ಹೊಗೆ ಕುಡಿದು ಬೆಳೆದ ಮುನೀರ
ಎರಡರ ಮಗ್ಗಿಯಾಚೆ ದಾಟಲೇ ಇಲ್ಲ.

ಸೀಸ ಬೇಡ ಸಾರ್, ಎಂದೆ.
ಗೈಡ್ ನಕ್ಕರು:
"ಸೀಸ ಆಗಿದ್ರೆ ಇಷ್ಟೊತ್ತಿಗೆ ಎರಡು ಪೇಪರ್ ಬಂದಿರ್ತಿತ್ತಲ್ಲಮ್ಮ."

ತವರ.
ಒಂದು ಕೊಂಬು ಕೊಟ್ಟರೆ ತವರು; ಆದರೂ ನೆಲೆ ನಿಲ್ಲದ ಲೋಹ.
ಎರಡು ಎಲೆಕ್ಟ್ರಾನ್ ಕೊಟ್ಟದ್ದು ಸಾಲದೆಂದು
ಗಾಳಿ ಕಂಡೊಡನೆ ಇನ್ನೆರಡನ್ನೂ ಕೊಟ್ಟು ಬರಿಗೈಯಾಗುತ್ತದೆ.

ಗಾಜಿನ ಬಿಲ್ಲೆ. ಐದು ಹನಿ ದ್ರಾವಣ.
ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು.
ಹದಿಮೂರನೇ ಸೆಕೆಂಡಿಗೆ ಟಾಲುವೀನ್ ಬೀಳಬೇಕು,
ಹನ್ನೆರಡಕ್ಕೆ ಬಿದ್ದರೆ ತೇಪೆ, ಹದಿನಾಲ್ಕಕ್ಕೆ ಬೂದಿ.
ಆಮೇಲೆ ಬಿಸಿ ತಟ್ಟೆಯ ಮೇಲೆ
ಬಣ್ಣ ತಿರುಗುವುದನ್ನೇ ಕಾಯುವುದು.

ಅಯೊಡಿನ್ ಹೆಚ್ಚಿದರೆ ಡಿಕಾಕ್ಷನ್ನಿನ ಕಪ್ಪು,
ಬ್ರೋಮಿನ್ ಬೆರೆಸುತ್ತ ಹೋದಂತೆ ಇಟ್ಟಿಗೆ, ಅರಿಶಿನ.
ಯಾವ ಬೆಳಕು ನುಂಗಬೇಕು, ಯಾವುದನ್ನು ಬಿಡಬೇಕು:
ತಂಬೂರಿಯ ಜೀವಾಳದ ದಾರದಂತೆ
ಕೂದಲೆಳೆಯಷ್ಟು ಸರಿಸುತ್ತೇನೆ.
ಶ್ರುತಿ ಕೂತಿತು ಎನ್ನುವಷ್ಟರಲ್ಲಿ ಕರೆಂಟು ಹೋಗುತ್ತದೆ.
ಬೆಳಿಗ್ಗೆ ನೋಡಿದರೆ
ಎಪ್ಪತ್ತೆಂಟನೇ ಬಿಲ್ಲೆಯನ್ನೂ ಅಂಚಿನಿಂದ ಹಳದಿ ತಿಂದಿದೆ.

ಪೆನ್ಷನ್ ಮೊಹಲ್ಲಾದಲ್ಲಿ, ಮೋರಿ ಪಕ್ಕ ಕುಳಿ ತೋಡಿ
ನನ್ನ ಕೈಲಿ ತಿದಿ ಒತ್ತಿಸುತ್ತಿದ್ದ
ಕಲಾಯಿ ಬುಡೇನ್ ಸಾಬ್, ನನ್ನ ದಾದಾ.
ಕಾದ ಹಿತ್ತಾಳೆಗೆ ಚಿಟಿಕೆ ನವಸಾಗರ,
ಭುಸ್ಸೆಂದು ಬಿಳಿ ಹೊಗೆ,
ತವರದ ಕಡ್ಡಿಯ ತುದಿ ಸೋಕಿಸಿ, ಹತ್ತಿಯಲ್ಲಿ ಒಂದೇ ಒರೆಸು.
ಪಾತ್ರೆಯೊಳಗೆ ಹಲ್ಲು ಬಿದ್ದ ನನ್ನ ಮುಖ.
"ನವಸಾಗರ ಯಾಕೆ ದಾದಾ?"
"ತವರಕ್ಕೆ ನಾಚಿಕೆ ಬೇಟಾ. ಮೊದಲು ಪರದೆ ಹಿಡೀಬೇಕು."

ನೂರಾ ನಾಲ್ಕನೇ ಬಿಲ್ಲೆ.
ನೋಟ್‌ಬುಕ್ಕಿನಲ್ಲಿ ಬರೆದೆ:
ಅಮೋನಿಯಂ ಕ್ಲೋರೈಡ್, ನೂರಕ್ಕೆ ಮೂರು ಪಾಲು.
'ಕಾರಣ' ಎಂಬಲ್ಲಿ ಪೆನ್ನು ನಿಂತಿತು.
ಖಾಲಿ ಬಿಟ್ಟೆ.

ಹನ್ನೊಂದು ದಿನ ಕಪ್ಪು ಕಪ್ಪಾಗಿಯೇ ಉಳಿಯಿತು.
ಹನ್ನೆರಡನೆಯ ದಿನ ಒಂದು ಮೂಲೆ ಮಾಸಿತು.
ದಕ್ಷತೆ ನೂರಕ್ಕೆ ನಾಲ್ಕೂಕಾಲು.
ಗೈಡ್ ಕನ್ನಡಕ ಹಣೆಗೇರಿಸಿ ಬಿಲ್ಲೆಯನ್ನು ಕಿಟಕಿಗೆ ಹಿಡಿದರು:
"ಇನ್ನೊಂದು ಸಲ ಮಾಡಮ್ಮ. ಹಾಗೇ ಮಾಡು."

ಸಂಜೆ ಗುಜರಿ ಅಂಗಡಿ ಮುಂದೆ ಮುನೀರ ಕೇಳಿದ,
"ಏನಾಯ್ತು ಆಪಾ, ನಿನ್ನ ಗಾಜು?"
ಹನ್ನೊಂದು ದಿನ, ಎಂದೆ.
ಅವನು ಬೆರಳು ಮಡಚಿ
ಎಣಿಸಲು ಕೂತ.