ಎರಡು ಸಾಲು, ಆರು ಸೆಕೆಂಡು

ಒಂದು ಸಾಲಿಗೆ ಮೂವತ್ತೆಂಟು ಅಕ್ಷರ,
ಒಮ್ಮೆಗೆ ಎರಡೇ ಸಾಲು, ಹೆಚ್ಚೆಂದರೆ ಆರು ಸೆಕೆಂಡು.
ಅಷ್ಟರಲ್ಲಿ ಮುಗಿಯಬೇಕು
ಯಾರು ಸತ್ತರು, ಯಾರು ಕೊಂದರು, ಯಾವ ಹಳ್ಳದ ಪಕ್ಕ.

ಕಾಜುಬಾಗದ ಬಾಡಿಗೆ ಕೋಣೆಯಲ್ಲಿ
ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತಿದ್ದೇನೆ.
ತೆರೆಯ ಮೇಲೆ, ಕಟಕಟೆಯಲ್ಲಿ, ಅವನೂ
ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತಿದ್ದಾನೆ.
ಅವನ ಭಾಷೆ ಇಂಗ್ಲಿಷಾಗಿ ನನ್ನ ಕಿವಿಗೆ,
ನನ್ನ ಬೆರಳಿಂದ ಕನ್ನಡವಾಗಿ ಅವನ ಗದ್ದದ ಕೆಳಗೆ.
ಎರಡು ತಾರಿ ದಾಟಿ ಬಂದ ಮಾತು,
ಕಾಲೂ ನೆನೆದಿಲ್ಲ.

ಒಂದು ಕಾಲದ ಕರ್ನಲ್. ಈಗ ಬೂದು ಸ್ವೆಟರು,
ಲೋಟದ ನೀರನ್ನು ಅಳೆದಳೆದು ಕುಡಿಯುವ ಮುದುಕ.
‘ಅಂದು ಅಲ್ಲಿ ಕೆಲವು ಘಟನೆಗಳು ಜರುಗಿದವು’ ಅನ್ನುತ್ತಾನೆ.
ಟೈಪಿಸುತ್ತೇನೆ. ಎಷ್ಟು ಸಲೀಸು!
ನಮ್ಮ ಕನ್ನಡಕ್ಕೂ ಬರುತ್ತದೆ ಈ ವಿದ್ಯೆ:
ಜರುಗಿತು, ನಡೆದುಹೋಯಿತು, ಆಗಿಬಿಟ್ಟಿತು,
ಮೋಡ ಮುಸುಕಿತು ಅಂದ ಹಾಗೆ.
ಮಾಡಿದವನಿಗೆ ವಾಕ್ಯದಲ್ಲಿ ಕೂರಲು ಜಾಗವೇ ಬೇಡ.

ಅಪ್ಪ ಇಲ್ಲಿಯ ಜಿಲ್ಲಾ ಕೋರ್ಟಿನಲ್ಲಿ ಟೈಪಿಸ್ಟ್.
ಮೂವತ್ತೊಂದು ವರ್ಷ ಬೇಲಿ ಜಗಳ, ಬಲೆ ಕಳವು,
ಸದಾಶಿವಗಡದ ಒಂದು ಕೊಲೆ,
ಎಲ್ಲಕ್ಕೂ ಮೂರು ಕಾರ್ಬನ್ ಪ್ರತಿ.
ಊಟಕ್ಕೆ ಕೂತಾಗ ಹೇಳುತ್ತಿದ್ದರು:
ಪಾಟೀಸವಾಲಿನಲ್ಲಿ ಸುಳ್ಳುಗಾರ ತಾರೀಕು ತಪ್ಪುವುದಿಲ್ಲ ಮಗಾ.
ಕಣ್ಣಾರೆ ಕಂಡವನೇ ತಪ್ಪುವುದು.
ಅವನಿಗೆ ನೆನಪಿರುವುದು
ಆ ಹೊತ್ತು ಒಲೆಯ ಮೇಲೆ ಏನಿತ್ತು, ಅಷ್ಟೇ.

ಮೂರನೇ ಕಂತು, ನಲವತ್ತೆರಡನೇ ನಿಮಿಷ.
ಹದಿನೇಳನೇ ಸಾಕ್ಷಿ. ಮುಖ ಮಸುಕು, ದನಿ ಬದಲಿಸಿದ್ದಾರೆ.
ಅಂದು ತಾರೀಕು ಎಷ್ಟು?
ಗೊತ್ತಿಲ್ಲ. ಹಾಲು ಉಕ್ಕುತ್ತಿತ್ತು. ಇಳಿಸಲು ಬಿಡಲಿಲ್ಲ.
ಆಮೇಲೆ ಸುಮ್ಮನಾಗುತ್ತಾಳೆ.
ಹನ್ನೊಂದು ಸೆಕೆಂಡು.
ಖಾಲಿ ಬಿಡಬೇಕು, ನಿಯಮ.
ಕರ್ಸರು ಮಿಟುಕುತ್ತದೆ, ಮಿಟುಕುತ್ತದೆ.
ಅಪ್ಪನಾಗಿದ್ದರೆ ಕಂಸದೊಳಗೆ ಹೊಡೆಯುತ್ತಿದ್ದರು: ಸಾಕ್ಷಿ ಅಳುತ್ತಾಳೆ.
ಮಸುಕಿನ ಹಿಂದೆ
ಇವಳು ಅಳುತ್ತಿದ್ದಾಳೋ ಇಲ್ಲವೋ, ನನಗೆ ಕಾಣದು.

ಬಾಗಿಲಲ್ಲಿ ಶೆವಂತಿ ತಾಂಡೇಲ.
ಬೈತಖೋಲದ ಬಂಗಡೆ, ಕರಗುತ್ತಿರುವ ಐಸು.
ಹೊಸ್ತಿಲ ಮೇಲೆ ಕುಕ್ಕರಿಸಿ, ಸೆರಗಲ್ಲಿ ಬೆವರೊರೆಸಿ,
ತೆರೆ ನೋಡಿದಳು.
‘ಕೋಣ್ ಗೋ ತೋ?’ ಯಾರೇ ಅವನು?
ಕೈ ಹೇಗೆ ನಡುಗ್ತದೆ ನೋಡು, ಪಾಪ.
ಆ ಲೋಟವನ್ನ ಯಾರಾದರೂ ಹಿಡೀಬಾರದಾ?

ಕೊಂದವನು ಅಂದೆ.
ಎಷ್ಟು ಜನರನ್ನ?
ಮುನ್ನೂರ ನಲವತ್ತು, ಒಂದೇ ಮಧ್ಯಾಹ್ನ.
ಐದೈದು ಮೀನು ಎಣಿಸಿ ರೂಢಿಯಾದ ಕೈ
ಬುಟ್ಟಿಯ ಅಂಚಿನ ಮೇಲೆ ಲೆಕ್ಕ ಹಿಡಿಯಿತು,
ಹನ್ನೆರಡು ಸಲ ತಟ್ಟಿ ನಿಂತಿತು.
ಕೈಯಿಂದಲೇ?
ಅಲ್ಲ, ಬಾಯಿಂದ. ಹೇಳಿ ಮಾಡಿಸಿದ್ದು.
ಹಂಗಾದ್ರೆ ಕೈ ಯಾಕೆ ನಡುಗಬೇಕು? ಅಂದಳು.

ಪಾತ್ರೆಗೆ ಮೀನು ಎಣಿಸಿದಳು, ಚಿಲ್ಲರೆ ಕೊಟ್ಟಳು.
ಅಂಗಳದ ತನಕ ಹೋಗಿ ತಿರುಗಿ ನಿಂತು,
ಪಾಪ ಅಂದಿದ್ದೆ, ಅದನ್ನು ತೆಗೆದುಬಿಡು,
ಎಂದಳು, ನಾನು ಬರೆದುಕೊಂಡಿದ್ದೇನೆ ಅನ್ನುವ ಹಾಗೆ.

ಹೇಗೆ ತೆಗೆಯಲಿ ಶೆವಂತಿ ಬಾಯಿ,
ಮರುಗಿದರೂ ಅದೇ ಎರಡಕ್ಷರ,
ಅವನು ಮಾಡಿದ್ದಕ್ಕೂ ಅದೇ.

ಸಂಜೆ ಸಮುದ್ರದ ಕಡೆ ಹೋದೆ.
ದಂಡೆಯ ಮೇಲೆ ನಿವೃತ್ತ ಯುದ್ಧನೌಕೆ,
ಟಿಕೆಟ್ ಹರಿಸಿಕೊಂಡ ಮಕ್ಕಳು
ಕ್ಷಿಪಣಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.
ನಗುವ ಮುಖಗಳ ಕೆಳಗೆ
ಎರಡು ಸಾಲು ಹುಡುಕುತ್ತಿತ್ತು ಕಣ್ಣು. ಕೆಟ್ಟ ಚಾಳಿ.

ರಾತ್ರಿ ಮತ್ತೆ ಅದೇ ವಾಕ್ಯ.
‘ಅಂದು ಅಲ್ಲಿ ನಾನು’ ಎಂದು ಹೊಡೆದು ನೋಡಿದೆ.
ಹಿಡಿಸುತ್ತದೆ, ಇನ್ನೂ ಜಾಗವಿದೆ.
ಆದರೆ ಅವನು ಹಾಗೆ ಹೇಳಲಿಲ್ಲ.
ಹೇಳದ್ದನ್ನು ಅಪ್ಪ ಒಂದು ದಿನವೂ ಹೊಡೆದವರಲ್ಲ.
ಒಂದೊಂದೇ ಅಕ್ಷರ ಅಳಿಸಿದೆ, ಹಿಂದಿನಿಂದ:
ನು, ನಾ.
‘ಅಂದು ಅಲ್ಲಿ’ ಉಳಿಯಿತು,
ಅದರ ಮುಂದೆ ಮಿಟುಕುವ ಗೆರೆ.
ಬೆರಳಿಗೆ ಇನ್ನೂ ಬಂಗಡೆಯ ವಾಸನೆ.